ಮಕ್ಕಳೊಡನೆ ವಿಜಯಪುರ ದರ್ಶನ

ಪ್ರಾಚೀನ ನಗರಗಳನ್ನು ನೋಡಲು ಹೋಗುವವರಲ್ಲಿ ಎರಡು ಬಗೆಯವರುಂಟು. ಗ್ರಂಥಗಳನ್ನೋದಿ, ಶಾಸನಗಳ ಪಾಠವನ್ನು ಬರೆದಿಟ್ಟುಕೊಂಡು ಒಬ್ಬೊಂಟಿಗರಾಗಿ ಹೋಗತಕ್ಕವರು ಒಂದು ಬಗೆ. ಹೆಂಡಿರು ಮಕ್ಕಳು, ವೃದ್ಧರಾದ ತಂದೆತಾಯಿಗಳು, ರೊಟ್ಟಿಯ ಬುತ್ತಿ, ನೀರಿನ ತಂಬಿಗೆ ಇವೆಲ್ಲವನ್ನೂ ಕಟ್ಟಿಕೊಂಡು ಹೋಗತಕ್ಕವರು ಇನ್ನೊಂದು ಬಗೆ. ಮೊದಲನೆಯವರಿಗೆ ಪುಸ್ತಕಗಳ ಕೊರತೆಯಿಲ್ಲ. ಎರಡನೆಯವರನ್ನು ಮಾತ್ರ ನಮ್ಮ ಇತಿಹಾಸಜ್ಞರು ಕೈಬಿಟ್ಟು, ಸ್ಥಳವನ್ನು ತೋರಿಸಿ ಕಾಸು ಪಡೆಯುವವರ ವಶಕ್ಕೆ ಒಪ್ಪಿಸಿರುವರು. ಅವರ ಬಾಯಿಂದ ಹೊರಡುವ ಕಥೆಗಳು ರಂಜಕವಾಗಿರುವುದೇನೋ ನಿಜ. ಆದರೆ ಹತ್ತು ವರ್ಷದ ಹುಡುಗನು ಅರ್ಧ ತಾಸಿನಲ್ಲಿ ಕೇಳಿದ ಕಥೆಯನ್ನು ಎಪ್ಪತ್ತು ವರ್ಷದವರೆಗೂ ಇತಿಹಾಸವೆಂದೇ ನಂಬಿಕೊಂಡಿರುವನು. ಆದುದರಿಂದ ಮನೆಮಂದಿಯೊಡನೆ ವಿಜಯಪುರಕ್ಕೆ ಹೋಗುವವರು ಏನನ್ನು ನೋಡಬೇಕು, ಯಾವ ಕ್ರಮದಿಂದ ನೋಡಬೇಕು, ಅದಕ್ಕಿಂತ ಮುಖ್ಯವಾಗಿ ಮಕ್ಕಳಿಗೆ ಏನನ್ನು ಹೇಳಬೇಕು ಎಂಬುದನ್ನು ಇಲ್ಲಿ ಬರೆಯಲು ಎಣಿಸಿರುವೆನು.

ಊರಿನ ಹೆಸರಿನಿಂದಲೇ ಆರಂಭಿಸಬಹುದು. ೨೦೧೪ರಲ್ಲಿ ಸರಕಾರವು ಇದಕ್ಕೆ ವಿಜಯಪುರವೆಂಬ ಹೆಸರನ್ನು ಮರಳಿ ಕೊಟ್ಟಿತು. ಬಾಯಿಮಾತಿನಲ್ಲಿ ಇದು ವಿಜಾಪುರವೂ ಹೌದು, ಬಿಜಾಪುರವೂ ಹೌದು. ಹಳೆಯ ಹೆಸರು ಕಲ್ಯಾಣದ ಚಾಲುಕ್ಯರ ಕಾಲದ್ದು. ಅಭಿನವ ಪಂಪನೆಂದು ಹೆಸರಾದ ನಾಗಚಂದ್ರನು ಈ ಊರಿನಲ್ಲಿ ಮಲ್ಲಿಜಿನನಿಗೆ ಬಸದಿಯನ್ನು ಕಟ್ಟಿಸಿದನೆಂಬುದು ಕನ್ನಡ ಸಾಹಿತ್ಯವನ್ನು ಬಲ್ಲವರಿಗೆ ತಿಳಿದ ಸಂಗತಿಯೇ. ಆ ಮೇಲೆ ಯಾದವರು, ಖಿಲ್ಜಿಗಳು, ಬಹಮನಿಗಳು ಒಬ್ಬರ ಹಿಂದೊಬ್ಬರು ಬಂದರು. ಬಹಮನಿ ರಾಜ್ಯವು ಒಡೆಯುತ್ತಿದ್ದಾಗ ಇಲ್ಲಿನ ಅಧಿಕಾರಿಯಾಗಿದ್ದ ಯೂಸುಫ ಆದಿಲಖಾನನು ೧೪೮೯ರ ಸುಮಾರಿಗೆ ಸ್ವತಂತ್ರನಾದನು. ಅಂದಿನಿಂದ ೧೬೮೬ರವರೆಗೆ, ಎಂದರೆ ಸುಮಾರು ಇನ್ನೂರು ವರ್ಷ, ಒಂಬತ್ತು ಮಂದಿ ಆದಿಲಶಾಹಿ ಅರಸರು ಇಲ್ಲಿ ಆಳಿದರು. ಈಗ ನಾವು ನೋಡಲು ಹೋಗುವ ಕಟ್ಟಡಗಳಲ್ಲಿ ಮುಕ್ಕಾಲು ಪಾಲು ಇವರಲ್ಲಿ ನಾಲ್ವರ ಕಾಲದವು: ಒಂದನೆಯ ಅಲಿ, ಎರಡನೆಯ ಇಬ್ರಾಹಿಮ, ಮಹಮ್ಮದ, ಎರಡನೆಯ ಅಲಿ. ಮಕ್ಕಳಿಗೆ ಈ ನಾಲ್ಕು ಹೆಸರುಗಳು ನೆನಪಿದ್ದರೆ ಸಾಕು.

ಹೋಗುವುದಾದರೆ ಮಳೆಗಾಲ ಕಳೆದ ಮೇಲೆ, ಕಾರ್ತಿಕದಿಂದ ಮಾಘದೊಳಗೆ ಹೋಗಬೇಕು. ಚೈತ್ರ ಹುಟ್ಟಿತೆಂದರೆ ಅಲ್ಲಿನ ಕರಿಕಲ್ಲು ಕಾದ ಹೆಂಚಿನಂತಾಗುವುದು. ಪಾದರಕ್ಷೆಯನ್ನು ಬಿಟ್ಟು ನಡೆಯತಕ್ಕ ಸ್ಥಳಗಳಲ್ಲಿ ಮಕ್ಕಳು ಅಳುವರು. ಒಂದೇ ದಿನದಲ್ಲಿ ಎಲ್ಲವನ್ನೂ ಮುಗಿಸುವೆವೆಂದು ಹೊರಡುವವರು ಏನನ್ನೂ ನೋಡದೆ ಬರುವರು. ಎರಡು ದಿನಗಳಾದರೂ ಬೇಕು.

ರೈಲಿನಿಂದಿಳಿದವರಿಗೆ ಮೊದಲು ಕಾಣುವುದು ಗೋಳಗುಮ್ಮಟವೇ. ಅದನ್ನು ಬೆಳಗಿನ ಜಾವ ಕಳೆದು ಬಾಗಿಲು ತೆರೆಯುತ್ತಲೇ ನೋಡುವುದು ಲೇಸು. ಇದಕ್ಕೆ ಕಾರಣವು ಸೌಂದರ್ಯವಲ್ಲ, ಶಬ್ದ. ಜನಸಂದಣಿ ಸೇರಿದ ಮೇಲೆ ಗುಮ್ಮಟದೊಳಗಿನ ಉಪ್ಪರಿಗೆಯಲ್ಲಿ ನೂರು ಗಂಟಲುಗಳು ಒಮ್ಮೆಲೆ ಕೂಗುತ್ತಿರುವುದರಿಂದ ಗದ್ದಲವಲ್ಲದೆ ಬೇರೇನೂ ಕೇಳಿಸದು. ಜನವಿಲ್ಲದಾಗ ಮೂಲೆಯ ಗೋಪುರದ ಕಿರಿದಾದ ಮೆಟ್ಟಲುಗಳನ್ನು ಏಳು ಅಂತಸ್ತು ಹತ್ತಿ, ಮಗುವನ್ನು ಒಂದು ಬದಿಗೆ ಕುಳ್ಳಿರಿಸಿ, ತಾಯಿಯು ಎದುರು ಬದಿಯಲ್ಲಿ ಗೋಡೆಗೆ ಬಾಯಿ ಹಚ್ಚಿ ಪಿಸುಗುಟ್ಟಿದರೆ, ನೂರಿಪ್ಪತ್ತನಾಲ್ಕು ಅಡಿಗಳ ಆಚೆ ಅದು ಕಿವಿಯಲ್ಲಿ ಹೇಳಿದಂತೆ ಕೇಳಿಸುವುದು. ದುಂಡಗಿನ ಗೋಡೆಯು ಸದ್ದನ್ನು ಚೆದರಗೊಡದೆ ತನ್ನ ಮೈಗುಂಟ ಸಾಗಿಸಿಕೊಂಡು ಹೋಗುವುದೇ ಇದರ ಮರ್ಮ. ಒಮ್ಮೆ ಚಪ್ಪಾಳೆ ತಟ್ಟಿದರೆ ಅದು ಮತ್ತೆ ಮತ್ತೆ ಮರುದನಿಗೊಟ್ಟು ಕ್ಷೀಣಿಸುವುದನ್ನು ಮಕ್ಕಳು ಬೆರಳೆಣಿಸಿ ನೋಡಲಿ. ಹತ್ತರ ಹತ್ತಿರಕ್ಕೆ ಹೋಗುವುದು.

ಇದು ಮಹಮ್ಮದ ಆದಿಲಶಹನ ಗೋರಿ. ಅವನು ತೀರಿಕೊಂಡದ್ದು ೧೬೫೬ರಲ್ಲಿ. ದಕ್ಷಿಣದ ಬಾಗಿಲಿನ ಮೇಲೆ ಪಾರಸಿ ಲಿಪಿಯಲ್ಲಿ ಮೂರು ವಾಕ್ಯಗಳಿರುವುವು. ಒಂದೊಂದು ವಾಕ್ಯದ ಅಕ್ಷರಗಳಿಗೂ ಅವರ ಪದ್ಧತಿಯಂತೆ ಸಂಖ್ಯೆಗಳನ್ನಿಟ್ಟು ಕೂಡಿಸಿದರೆ ಮೂರು ಬಾರಿಯೂ ಹಿಜರಿ ೧೦೬೭ ಎಂದೇ ಬರುವುದು. ಅದೇ ಅರಸನ ಮರಣದ ವರ್ಷ. ನಮ್ಮಲ್ಲಿ ಕಟಪಯಾದಿಯನ್ನು ಬಲ್ಲ ಹಿರಿಯರಿದ್ದರೆ ಮಕ್ಕಳಿಗೆ ಎರಡನ್ನೂ ಹೋಲಿಸಿ ಹೇಳಬಹುದು. ಕೆಳಗೆ ಕಟ್ಟಿಗೆಯ ಮೇಲ್ಕಟ್ಟಿನಡಿಯಲ್ಲಿ ಕಾಣುವವು ನಿಜವಾದ ಸಮಾಧಿಗಳಲ್ಲ, ಅವುಗಳ ಗುರುತು ಮಾತ್ರ, ನಿಜವಾದವು ನೆಲಮಾಳಿಗೆಯಲ್ಲಿರುವುವು.

ಇಲ್ಲಿ ತೋರಿಸುವವರು ಇದು ಜಗತ್ತಿನಲ್ಲಿಯೇ ಅತಿ ದೊಡ್ಡ ಗುಮ್ಮಟವೆಂದೋ ಎರಡನೆಯದೆಂದೋ ಹೇಳುವರು. ಹಾಗಲ್ಲ. ಒಳಗಿನ ಅಗಲವನ್ನು ಹಿಡಿದು ನೋಡಿದರೆ ರೋಮ ನಗರದ ಪ್ಯಾಂಥಿಯನ್ನು, ಸಂತ ಪೀಟರನ ಇಗರ್ಜಿ ಇವೆರಡರ ಗುಮ್ಮಟಗಳೂ ಇದಕ್ಕಿಂತ ಹಿರಿದು. ಇವೆರಡೂ ಇದಕ್ಕಿಂತ ಹಳೆಯವು. ಇದರ ಹೆಚ್ಚುಗಾರಿಕೆ ಬೇರೆ. ಒಂದೇ ಗುಮ್ಮಟದ ಕೆಳಗೆ, ನಡುವೆ ಒಂದು ಕಂಬವೂ ಇಲ್ಲದೆ, ಹದಿನೆಂಟು ಸಾವಿರ ಚದರ ಅಡಿಗಳಿಗೂ ಮಿಕ್ಕಿದ ನೆಲವನ್ನು ಮುಚ್ಚಿರುವುದು ಇದರ ಸಾಹಸ. ಈ ವಿಷಯದಲ್ಲಿ ಪ್ಯಾಂಥಿಯನ್ನು ಇದಕ್ಕೆ ಸರಿಬಾರದು. ಚೌಕವಾದ ಕೋಣೆಯ ಮೇಲೆ ದುಂಡಗಿನ ಗುಮ್ಮಟವನ್ನು ಕೂರಿಸಿದ ಬಗೆಯನ್ನು ತಲೆಯೆತ್ತಿ ನೋಡಬೇಕು. ಎರಡು ಚೌಕಗಳನ್ನು ಒಂದರ ಮೇಲೊಂದು ಓರೆಯಾಗಿ ಇಟ್ಟಂತೆ ಎಂಟು ಕಮಾನುಗಳು ಒಂದನ್ನೊಂದು ಕತ್ತರಿಸಿಕೊಂಡು ಮೇಲೇಳುತ್ತ, ಮೂಲೆಗಳನ್ನು ಮೆಲ್ಲಮೆಲ್ಲನೆ ನುಂಗಿ ವೃತ್ತವನ್ನುಂಟುಮಾಡುವುವು. ಒಳಕ್ಕೆ ಚಾಚಿ ತೂಗುವ ಈ ಭಾರವೇ ಹೊರಕ್ಕೆ ತಳ್ಳುವ ಗುಮ್ಮಟವನ್ನು ಎಳೆದು ಹಿಡಿದಿರುವುದು. ಸಂಜೆ ವಸತಿಗೆ ಬಂದ ಮೇಲೆ ಎರಡು ಚೌಕದ ಕಾಗದಗಳನ್ನು ಮಕ್ಕಳ ಕೈಗೆ ಕೊಟ್ಟರೆ ಅವರೇ ಇದನ್ನು ಮಾಡಿ ತೋರಿಸುವರು. ಸುಳ್ಳು ಹಿರಿಮೆಯನ್ನು ಹೇಳಿ ನಿಜವಾದ ಹಿರಿಮೆಯನ್ನು ಬಿಟ್ಟುಬಿಡುವುದು ಯಾವ ನ್ಯಾಯವೋ ತಿಳಿಯದು.

ಮುಂದಿನ ನಗಾರಖಾನೆಯಲ್ಲಿ ೧೮೯೨ರಲ್ಲಿ ಆರಂಭವಾದ ವಸ್ತುಸಂಗ್ರಹಾಲಯವುಂಟು. ಅಲ್ಲಿ ಜಿಲ್ಲೆಯ ಶಾಸನಗಳು, ಜಿನಬಿಂಬಗಳು, ಪಾರಸಿ ಕೈಬರಹಗಳು ಒಂದೇ ಸೂರಿನಡಿ ಇರುವುವು. ಬಿಸಿಲೇರುವ ಹೊತ್ತನ್ನು ಅಲ್ಲಿ ಕಳೆಯಬಹುದು.

ಅಲ್ಲಿಂದ ಜುಮ್ಮಾ ಮಸೀದಿ. ಇದು ಒಂದನೆಯ ಅಲಿಯ ಕಾಲದ ಕಟ್ಟಡ, ಇಂದಿಗೂ ಪೂರ್ತಿಯಾಗಿಲ್ಲ. ಸಾಲುಕಂಬ, ಸಾಲುಕಮಾನು, ಬಿಳಿಯ ಸುಣ್ಣ, ಇವಲ್ಲದೆ ಅಲಂಕಾರವೇ ಇಲ್ಲವೆನ್ನಬಹುದಾದ ಈ ಒಳಾಂಗಣದ ಶಾಂತಿಯು ನನ್ನ ಮಟ್ಟಿಗೆ ಗೋಳಗುಮ್ಮಟದ ಭವ್ಯತೆಗಿಂತ ಹೆಚ್ಚಿನದು. ನೆಲದ ಮೇಲೆ ಒಬ್ಬೊಬ್ಬರಿಗೆ ಒಂದೊಂದರಂತೆ ಎರಡು ಸಾವಿರಕ್ಕೂ ಹೆಚ್ಚು ನಮಾಜಿನ ಮನೆಗಳನ್ನು ಗೆರೆಯೆಳೆದು ಗುರುತಿಸಿರುವರು. ಅದು ಔರಂಗಜೇಬನ ಕಾಲದ ಕೆಲಸ. ಇಲ್ಲಿ ಈಗಲೂ ಪ್ರಾರ್ಥನೆ ನಡೆಯುವುದರಿಂದ ಆ ಹೊತ್ತನ್ನು ತಪ್ಪಿಸಿ ಹೋಗಬೇಕೆಂದೂ, ಗಟ್ಟಿಯಾಗಿ ಮಾತಾಡಬಾರದೆಂದೂ ಮಕ್ಕಳಿಗೆ ಮೊದಲೇ ಹೇಳಿರಬೇಕು.

ಈ ಮಸೀದಿಯ ಅಂಗಳದಲ್ಲಿಯೇ, ಓದು ಬಲ್ಲ ಮಕ್ಕಳಾದರೆ, ರಕ್ಕಸತಂಗಡಿಯ ಪ್ರಶ್ನೆಯು ಬರುವುದು. ಬಂದರೆ ತಪ್ಪಿಸಿಕೊಳ್ಳಬಾರದು. ೧೫೬೫ರ ಜನವರಿಯ ಯುದ್ಧದಲ್ಲಿ ವಿಜಯನಗರವನ್ನು ಮುರಿದ ನಾಲ್ವರು ಸುಲ್ತಾನರಲ್ಲಿ ಈ ಅಲಿಯೂ ಒಬ್ಬನು. ಸುತ್ತಲಿನ ಕೋಟೆಗೋಡೆಯೂ ಆ ಕಾಲದ್ದೇ. ಆರು ಮೈಲಿಗೂ ಹೆಚ್ಚು ಸುತ್ತಳತೆ, ಐದು ಹಿರಿಯ ಅಗಸೆಗಳು. ಹಂಪೆಯಿಂದ ಹೊತ್ತು ತಂದ ಸಂಪತ್ತಿಲ್ಲದೆ ಅಲಿಯ ಕಾಲದ ಈ ಉತ್ಸಾಹವನ್ನು ಅರ್ಥಮಾಡಿಕೊಳ್ಳಲಾಗದು. ಇದು ಸತ್ಯ, ಹೇಳಬೇಕು. ಆದರೆ ಅದೇ ಅಲಿಯ ಬಗ್ಗೆ, ಇದೇ ಊರಿನಲ್ಲಿ ಕುಳಿತು ಇತಿಹಾಸವನ್ನು ಬರೆದ ಫೆರಿಸ್ತನು ಇನ್ನೊಂದು ಸಂಗತಿಯನ್ನು ಹೇಳಿರುವನು. ಯುದ್ಧಕ್ಕೆ ಕೆಲವು ವರ್ಷಗಳ ಮೊದಲು ರಾಮರಾಯನ ಮಗನು ತೀರಿಕೊಂಡಾಗ, ಅಲಿಯು ಕೆಲವೇ ಪರಿವಾರದೊಡನೆ ವಿಜಯನಗರಕ್ಕೆ ಹೋಗಿ ದುಃಖವನ್ನು ಹಂಚಿಕೊಂಡನು; ರಾಮರಾಯನ ಹೆಂಡತಿಯು ಅವನನ್ನು ಮಗನೆಂದು ಕರೆದಳು. ಆಮೇಲೆ ಇಬ್ಬರೂ ಕೂಡಿ ಅಹಮದನಗರದ ಮೇಲೆ ಏರಿಹೋದರು. ಮುಂದೆ ಅದೇ ಅಹಮದನಗರದವರೊಡನೆ ಕೂಡಿ ಅಲಿಯು ರಾಮರಾಯನ ಮೇಲೆ ಬಿದ್ದನು. ಯಾರು ಯಾರ ಕಡೆಗಿದ್ದರೆಂಬುದನ್ನು ಬರಿಯ ಧರ್ಮದ ಹೆಸರಿನಿಂದ ಎಣಿಸಹೊರಟ ಹುಡುಗನಿಗೆ ಈ ಲೆಕ್ಕ ಕೂಡಿಬರುವುದಿಲ್ಲ. ಕೂಡಿಬರದಿರುವುದೇ ಒಳ್ಳೆಯದು, ಮುಂದೆ ದೊಡ್ಡವನಾದ ಮೇಲೆ ಪುಸ್ತಕವನ್ನು ತೆರೆಯುವನು.

ಊರ ನಡುವಿನ ಅರಕಿಲ್ಲೆಯಲ್ಲಿ ಈ ಪ್ರಶ್ನೆಯು ಇನ್ನಷ್ಟು ಹತ್ತಿರಕ್ಕೆ ಬರುವುದು. ಅಲ್ಲಿ ಕರೀಮುದ್ದೀನನ ಮಸೀದಿಯೆಂಬ ಚಿಕ್ಕ ಕಟ್ಟಡವಿದೆ. ಪ್ರವಾಸಿಗಳು ಸಾಮಾನ್ಯವಾಗಿ ಇದನ್ನು ನೋಡುವುದಿಲ್ಲ. ಇದರ ಕಂಬಗಳು ದೇವಾಲಯದ ಕಂಬಗಳೆಂಬುದನ್ನು ಕನ್ನಡ ನಾಡಿನಲ್ಲಿ ಹುಟ್ಟಿದ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಮಕ್ಕಳೇ ಮೊದಲು ಕಂಡುಹಿಡಿದು ಕೇಳುವರು. ೧೩೨೦ರ ಶಾಸನವೊಂದು ಇದನ್ನು ಕಟ್ಟಿಸಿದವನ ಹೆಸರಿನೊಡನೆ ಕಟ್ಟಿದವನ ಹೆಸರನ್ನೂ ಹೇಳುವುದು. ಅವನು ಸಾಲೊಟಗಿಯ ರೇವಯ್ಯ. ಸಾಲೊಟಗಿ ಎಂದರೆ ಇಂಡಿಯ ಹತ್ತಿರದ ಊರು. ರಾಷ್ಟ್ರಕೂಟರ ಕಾಲದಲ್ಲಿ ಅಲ್ಲಿ ದೊಡ್ಡ ವಿದ್ಯಾಶಾಲೆಯಿತ್ತು. ಗುಡಿಯ ಕಂಬಗಳನ್ನು ಮಸೀದಿಗೆ ನಿಲ್ಲಿಸಿದ ಕೈಯೂ ಈ ನೆಲದ ಕೈಯೇ. ರೇವಯ್ಯನು ಏನೆಂದುಕೊಂಡು ಆ ಕಂಬಗಳನ್ನು ಎತ್ತಿ ನಿಲ್ಲಿಸಿದನು? ಶಾಸನವು ಅಷ್ಟನ್ನು ಹೇಳುವುದಿಲ್ಲ. ಗುಡಿಯು ಅಳಿದ ಸಂಗತಿಯನ್ನು ಮಕ್ಕಳಿಂದ ಮುಚ್ಚಿಡುವವರೂ, ಅದೊಂದನ್ನೇ ಹೇಳಿ ರೇವಯ್ಯನ ಹೆಸರನ್ನು ಬಿಟ್ಟುಬಿಡುವವರೂ ಒಂದೇ ತಪ್ಪನ್ನು ಮಾಡುವರೆಂದು ನನ್ನ ಮತ.

ಅದೇ ಅರಕಿಲ್ಲೆಯಲ್ಲಿ ಗಗನಮಹಲು ನಿಂತಿದೆ. ೧೫೬೧ರಲ್ಲಿ ಅಲಿಯು ಕಟ್ಟಿಸಿದ ಸಭಾಭವನವಿದು. ನಡುವಣ ಕಮಾನಿನ ಅಗಲವೇ ಅರವತ್ತು ಅಡಿ. ಮಾಳಿಗೆಯು ಬಿದ್ದುಹೋಗಿ ಹೆಸರಿಗೆ ತಕ್ಕಂತೆ ಗಗನವೇ ಮೇಲ್ಛಾವಣಿಯಾಗಿರುವುದು. ೧೬೮೬ರ ಸೆಪ್ಟೆಂಬರದಲ್ಲಿ ಮುತ್ತಿಗೆಯು ಮುಗಿದ ಮೇಲೆ ಔರಂಗಜೇಬನು ಇಲ್ಲಿ ಕುಳಿತು ಕೊನೆಯ ಅರಸನಾದ ಸಿಕಂದರನ ಶರಣಾಗತಿಯನ್ನು ಸ್ವೀಕರಿಸಿದನು. ಬೆಳ್ಳಿಯ ಸರಪಳಿಗಳಿಂದ ಬಿಗಿದು ತಂದರೆಂದು ಹೇಳುವರು. ಸಿಕಂದರನು ಮಗುವಾಗಿದ್ದಾಗ ಪಟ್ಟಕ್ಕೆ ಬಂದವನು. ಆಗ ಇನ್ನೂ ಹದಿನೆಂಟರ ಸುಮಾರಿನವನು. ಸೆರೆಯಲ್ಲಿಯೇ ಹದಿನಾಲ್ಕು ವರ್ಷ ಕಳೆದು ೧೭೦೦ರಲ್ಲಿ ತೀರಿಕೊಂಡನು. ಅಜ್ಜನಾದ ಮಹಮ್ಮದನಿಗೆ ಗೋಳಗುಮ್ಮಟ. ತಂದೆಯಾದ ಎರಡನೆಯ ಅಲಿಗೆ ಪೂರ್ತಿಯಾಗದೆ ಬರಿಯ ಕಮಾನುಗಳಾಗಿ ನಿಂತ ಬಾರಾಕಮಾನು. ಈ ಹುಡುಗನ ಗೋರಿಗೆ ಮಾತ್ರ ಮೇಲೆ ನೆರಳೂ ಇಲ್ಲ.

ಅಸಾರಮಹಲು, ಮೆಹತರ ಮಹಲು, ಜೋಡಗುಮ್ಮಟ ಇವುಗಳನ್ನು ಹೊತ್ತಿದ್ದಷ್ಟು ನೋಡಬಹುದು. ಮೆಹತರ ಮಹಲಿನ ಕಲ್ಲಿನ ಚಾಚುಗೋಲುಗಳಲ್ಲಿ ಬಡಗಿಯ ಉಳಿಗೆ ಮಾತ್ರ ಸಾಧ್ಯವೆನ್ನಿಸುವ ಕುಸುರಿಯಿದೆಯೆಂಬುದನ್ನು ಹೇಳಿ ಮುಂದಕ್ಕೆ ಸಾಗುವೆನು.

ಎರಡನೆಯ ದಿನ ಪಡುವಣ ಭಾಗ. ಉಪ್ಪಲಿ ಬುರುಜು ಎಂಬತ್ತು ಅಡಿ ಎತ್ತರ. ಹೊರಮೈಗೆ ಸುತ್ತಿದ ಮೆಟ್ಟಲುಗಳನ್ನು ಹತ್ತಿದರೆ ಊರೆಲ್ಲ ಕಾಣುವುದು, ಮೇಲೆ ಮೂವತ್ತು ಅಡಿ ಉದ್ದದ ಕಬ್ಬಿಣದ ತೋಪೊಂದು ಮಲಗಿರುವುದು. ಚಿಕ್ಕ ಮಕ್ಕಳ ಕೈಯನ್ನು ಬಿಡಬಾರದು. ಅಲ್ಲಿಗೆ ಸಮೀಪದ ಶೆರ್ಜಾ ಬುರುಜಿನ ಮೇಲೆ ಮಲಿಕ-ಎ-ಮೈದಾನ ಎಂಬ ಪ್ರಸಿದ್ಧವಾದ ತೋಪು. ಇದನ್ನು ೧೫೪೯ರಲ್ಲಿ ಅಹಮದನಗರದಲ್ಲಿ ಮಹಮ್ಮದ ಬಿನ್ ಹಸನ್ ರೂಮಿ ಎಂಬವನು ಎರಕ ಹೊಯ್ದನು. ತೂಕ ಸುಮಾರು ಐವತ್ತೈದು ಟನ್ನು. ಬಾಯಿಯಲ್ಲಿ ಆನೆಯನ್ನು ನುಂಗುತ್ತಿರುವ ಸಿಂಹದ ಮುಖವನ್ನು ಮಾಡಿರುವರು. ೧೬೩೨ರಲ್ಲಿ ಪರಾಂಡೆಯ ಕೋಟೆಯಿಂದ ಇದನ್ನು ಇಲ್ಲಿಗೆ ಎಳೆದು ತಂದರು. ಮಕ್ಕಳಿಗೆ ಸಿಂಹದ ಮುಖ ಸಾಕು. ದೊಡ್ಡವರು ಇನ್ನೊಂದು ಸಂಗತಿಯನ್ನು ತಿಳಿದಿರಬೇಕು. ೧೮೫೪ರಲ್ಲಿ, ಸಾತಾರದ ಸಂಸ್ಥಾನವು ಇಂಗ್ಲಿಷರ ಕೈಸೇರಿ ಆರು ವರ್ಷಗಳಾಗಿದ್ದಾಗ, ಕೆಲಸಕ್ಕೆ ಬಾರದ ಹಳೆಯ ಸಾಮಾನೆಂದು ಇದನ್ನು ಹರಾಜಿಗೆ ಹಾಕಿದರು. ಬಂದ ಸವಾಲು ನೂರೈವತ್ತು ರೂಪಾಯಿ. ಇಷ್ಟು ಕಡಿಮೆಗೆ ಕೊಡುವುದು ಸರಿಯಲ್ಲವೆಂದು ಸ್ಥಳದ ಮಾಮಲೇದಾರನು ಮೇಲಕ್ಕೆ ಬರೆದುದರಿಂದ ಹರಾಜು ರದ್ದಾಯಿತು. ಬಾದಶಹರ ಹೆಸರುಗಳನ್ನು ಬಾಯಿಪಾಠ ಮಾಡುವ ನಾವು ಈ ಮಾಮಲೇದಾರನ ಕಾಗದವನ್ನು ನೆನೆಯುವುದಿಲ್ಲ.

ಇನ್ನು ಕಥೆಗಳ ಮಾತು. ಊರ ಹೊರಗೆ ಸಾಠಕಬರ ಎಂಬಲ್ಲಿ ಒಂದೇ ಬಗೆಯ ಅರವತ್ತಕ್ಕೂ ಮಿಕ್ಕಿದ ಗೋರಿಗಳು ಸಾಲಾಗಿರುವುವು. ಅಫಜಲಖಾನನು ೧೬೫೯ರಲ್ಲಿ ಶಿವಾಜಿಯ ಮೇಲೆ ಹೋಗುವ ಮುನ್ನ, ತಾನು ಮರಳಿ ಬರುವುದಿಲ್ಲವೆಂಬ ಜೋಯಿಸರ ಮಾತನ್ನು ನಂಬಿ, ತನ್ನ ಹೆಂಡಿರನ್ನೆಲ್ಲ ಬಾವಿಗೆ ನೂಕಿ ಕೊಂದನೆಂದು ಕಥೆ. ಬಾಡಿಗೆಯ ಗಾಡಿಯವರು ಇದನ್ನು ಬಹು ಉತ್ಸಾಹದಿಂದ ಹೇಳುವರು. ಅದೇ ಅಫಜಲಖಾನನ ಹೆಸರು ಇನ್ನೊಂದು ಕಡೆಯೂ ಇದೆ. ೧೬೫೧ರಲ್ಲಿ ಮಹಮ್ಮದ ಆದಿಲಶಹನ ಅಪ್ಪಣೆಯಂತೆ ಊರಿನ ದಕ್ಷಿಣಕ್ಕೆ ಬೇಗಮ್ ತಲಾಬವೆಂಬ ಕೆರೆಯಾಯಿತು. ಅಲ್ಲಿಂದ ಮಣ್ಣಿನ ಕೊಳವೆಗಳಲ್ಲಿ ಊರೊಳಗೆ ನೀರು ತಂದರು. ಆ ಕೆಲಸವನ್ನು ನಡೆಯಿಸಿದವನು ಅಫಜಲಖಾನನೆಂದು ಕಲ್ಲಿನ ಮೇಲೆ ಕೆತ್ತಿರುವರು. ಬಾವಿಗೆ ನೂಕಿದ ಕಥೆಗೆ ಕೇಳುವವರು ನೂರಾರು. ನೀರು ತಂದ ಶಾಸನವನ್ನು ಓದುವವರಿಲ್ಲ. ಚಿಕ್ಕ ಮಕ್ಕಳಿರುವ ಮನೆಯವರು ಸಾಠಕಬರಕ್ಕೆ ಹೋಗದಿದ್ದರೆ ಏನೂ ಕಳೆದುಕೊಂಡಂತಾಗದು.

ಅದರ ಬದಲು ಆ ನೀರಿನ ದಾರಿಯನ್ನು ಹಿಡಿದು ಹೋದರೆ ನಗರವು ಇನ್ನೊಂದು ರೀತಿಯಾಗಿ ತೆರೆದುಕೊಳ್ಳುವುದು. ಹೊಳೆಯಿಲ್ಲದ ಊರಿದು, ಮಳೆಯೂ ಕಡಿಮೆ. ಇಷ್ಟು ದೊಡ್ಡ ರಾಜಧಾನಿಯು ಏನು ಕುಡಿದು ಬದುಕಿತು? ಪಡುವಣದ ತೊರವೆಯಿಂದ ನೆಲದೊಳಗಿನ ಸುರಂಗದಲ್ಲಿ ನೀರನ್ನು ತಂದರು. ಕೊಳವೆಯ ದಾರಿಯಲ್ಲಿ ಅಲ್ಲಲ್ಲಿ ಗಂಜುಗಳೆಂಬ ಚೌಕದ ಗೋಪುರಗಳನ್ನು ಕಟ್ಟಿದರು. ನೀರಿನ ಒತ್ತಡವು ಅಲ್ಲಿ ಇಳಿದು ಕೊಳವೆಗಳು ಒಡೆಯದಂತೆ ಕಾಪಾಡುತ್ತಿದ್ದುವು, ಹೂಳೂ ಅಲ್ಲಿಯೇ ನಿಲ್ಲುತ್ತಿತ್ತು. ಈಗ ಬೀದಿಯ ಮಗ್ಗುಲಲ್ಲಿ ಅವು ಹಾಳು ಕಂಬಗಳಂತೆ ನಿಂತಿರುವುವು. ಏನೆಂದು ಕೇಳಿದರೆ ಊರಿನವರಲ್ಲಿಯೇ ಹಲವರು ಹೇಳಲಾರರು. ಮಕ್ಕಳಿಗೆ ಗಂಜುಗಳನ್ನು ಹುಡುಕಿ ಎಣಿಸುವ ಆಟವನ್ನು ಹಚ್ಚಿಕೊಟ್ಟರೆ ಬಿಸಿಲೂ ಅವರಿಗೆ ನೆನಪಿರದು.

ಮೆಕ್ಕೆಯ ಅಗಸೆಯ ಸಮೀಪದಲ್ಲಿ ತಾಜಬಾವಡಿ. ೧೬೨೦ರಲ್ಲಿ ಎರಡನೆಯ ಇಬ್ರಾಹಿಮನ ಕಾಲದಲ್ಲಿ ಮಲಿಕ ಸಂದಲನೆಂಬವನು ರಾಣಿ ತಾಜಸುಲ್ತಾನಳ ಹೆಸರಿನಲ್ಲಿ ಕಟ್ಟಿದ್ದು. ಬದಿಯೊಂದಕ್ಕೆ ಇನ್ನೂರು ಅಡಿಗಳಿಗೂ ಹೆಚ್ಚು. ಬಾವಿಯೆನ್ನುವುದಕ್ಕಿಂತ ಪುಷ್ಕರಿಣಿಯೆನ್ನಬೇಕು. ನಲ್ಲಿಯ ನೀರು ಬಂದ ಮೇಲೆ ಜನರು ಇದನ್ನು ಮರೆತು ಕಸವನ್ನೂ ಹಬ್ಬದ ಮೂರ್ತಿಗಳನ್ನೂ ಇದರಲ್ಲಿಯೇ ಹಾಕಿ ಕೆಡಿಸಿದರು. ಬರ ಬಂದು ನೆನಪಾಯಿತು. ಈಚಿನ ವರ್ಷಗಳಲ್ಲಿ ಹೂಳೆತ್ತಿಸಿ ಶುಚಿಮಾಡಿರುವರು.

ಅಗಸೆಯನ್ನು ದಾಟಿದರೆ ಇಬ್ರಾಹಿಮ ರೋಜಾ. ಬಿಸಿಲು ಇಳಿದ ಮೇಲೆ ಇಲ್ಲಿಗೆ ಬಂದು ಕತ್ತಲಾಗುವ ತನಕ ಕುಳಿತಿರಬೇಕು. ಒಂದೇ ಜಗಲಿಯ ಮೇಲೆ ಎದುರುಬದುರಾಗಿ ಗೋರಿಯೊಂದು, ಮಸೀದಿಯೊಂದು; ನಡುವೆ ಕಾರಂಜಿಯ ಕೊಳ. ಇದನ್ನು ಕಟ್ಟಿದವನೂ ಮಲಿಕ ಸಂದಲನೇ. ರಾಣಿಗಾಗಿ ಎಣಿಸಿದ ಗೋರಿಯಲ್ಲಿ ೧೬೨೭ರಲ್ಲಿ ಅರಸನೇ ಮೊದಲು ಮಲಗಿದನು. ತಗಲಿದ ವೆಚ್ಚವು ಒಂದೂವರೆ ಲಕ್ಷ ಹೊನ್ನೆಂದು ಶಾಸನದಲ್ಲಿದೆ. ಗೋಡೆಗಳ ಮೇಲೆಲ್ಲ ಅರಬಿ ಅಕ್ಷರಗಳ ಕೆತ್ತನೆ. ಕಿಟಕಿಗಳಲ್ಲಿ ಅಕ್ಷರಗಳನ್ನೇ ಜಾಲಂಧ್ರವಾಗಿ ಕೊರೆದಿರುವುದರಿಂದ ಒಳಗೆ ಬರುವ ಬೆಳಕು ಅಕ್ಷರಗಳ ನಡುವಿನಿಂದಲೇ ಬರಬೇಕು. ಮಸೀದಿಯ ಸೂರಿನಂಚಿನಲ್ಲಿ ಒಂದೇ ಕಲ್ಲಿನಲ್ಲಿ ಕಡೆದ ಸರಪಳಿಗಳನ್ನು ಮಕ್ಕಳಿಗೆ ತೋರಿಸಬೇಕು. ಇಲ್ಲಿಯ ಕಲ್ಲುಗಳ ಮೇಲೂ ತಮ್ಮ ಹೆಸರುಗಳನ್ನು ಗೀಚಿಹೋಗಿರುವ ಅಕ್ಷರಸ್ಥರುಂಟು. ಅವರಲ್ಲಿ ಮಕ್ಕಳಿಗಿಂತ ದೊಡ್ಡವರೇ ಹೆಚ್ಚೆಂದು ಎತ್ತರವನ್ನು ನೋಡಿದರೆ ತಿಳಿಯುವುದು.

ಈ ಇಬ್ರಾಹಿಮನನ್ನು ಮಕ್ಕಳು ಮೆಚ್ಚುವರು. ಎಳೆಯನಾಗಿದ್ದಾಗ ಪಟ್ಟಕ್ಕೆ ಬಂದ ಅವನನ್ನು ದೊಡ್ಡಪ್ಪನ ಹೆಂಡತಿಯಾದ ಚಾಂದಬೀಬಿಯು ಕಾಪಾಡಿದಳು. ಬೆಳೆದು ಸಂಗೀತಗಾರನಾದನು. ತನ್ನ ತಂಬೂರಿಗೆ ಮೋತಿಖಾನನೆಂದು ಹೆಸರಿಟ್ಟಿದ್ದನು, ಮೆಚ್ಚಿನ ಆನೆಗೆ ಆತಶಖಾನನೆಂದು. ದಖನಿ ಮಾತಿನಲ್ಲಿ ಅವನು ರಚಿಸಿದ ಕಿತಾಬೆ ನವರಸವೆಂಬ ಹಾಡುಗಳ ಗ್ರಂಥದಲ್ಲಿ ಸರಸ್ವತಿಯ ಸ್ತುತಿಯಿದೆ, ಗಣಪತಿಯ ಹೆಸರಿದೆ. ಜನರು ಅವನನ್ನು ಜಗದ್ಗುರುವೆಂದು ಕರೆದರು.

ಇನ್ನೂ ಅರ್ಧ ದಿನ ಉಳಿದಿದ್ದರೆ ಪಶ್ಚಿಮಕ್ಕೆ ನಾಲ್ಕೈದು ಮೈಲು ದೂರದ ತೊರವೆಗೆ ಹೋಗತಕ್ಕದ್ದು. ಅಲ್ಲಿ ೧೫೯೯ರಲ್ಲಿ ಇಬ್ರಾಹಿಮನು ನವರಸಪುರವೆಂಬ ಹೊಸ ಪಟ್ಟಣವನ್ನು ಕಟ್ಟಲಾರಂಭಿಸಿದನು. ೧೬೨೪ರಲ್ಲಿ ಮಲಿಕ ಅಂಬರನು ಅದನ್ನು ಹಾಳುಗೆಡವಿದನು. ಸಂಗೀತ ಮಹಲಿನ ಮುರುಕು ಕಮಾನುಗಳು ಉಳಿದಿರುವುವು. ಅದೇ ತೊರವೆಯಲ್ಲಿ ನೆಲಮಟ್ಟಕ್ಕಿಂತ ಕೆಳಗಿಳಿದು ನೋಡತಕ್ಕ ನರಸಿಂಹನ ಗುಡಿಯಿದೆ. ಕುಮಾರವಾಲ್ಮೀಕಿಯೆಂದು ಹೆಸರಾದ ನರಹರಿ ಕವಿಯ ಇಷ್ಟದೈವವು ಈ ನರಸಿಂಹನೇ. ಅವನ ಭಾಮಿನೀ ಷಟ್ಪದಿಯ ರಾಮಾಯಣಕ್ಕೆ ತೊರವೆಯ ಹೆಸರೇ ನಿಂತಿತು. ಗುಡಿಯಲ್ಲಿ ದರ್ಶನ ಮಾಡಿಕೊಂಡು, ಬುತ್ತಿಯನ್ನು ಸಂಗೀತ ಮಹಲಿನ ಕಟ್ಟೆಯ ಮೇಲೆ ಬಿಚ್ಚಬಹುದು. ಕುಡಿಯುವ ನೀರನ್ನು ಮಾತ್ರ ಊರಿನಿಂದಲೇ ತಂದಿರಬೇಕು.